ಅವಳ ಹೆಸರಿನಲ್ಲಿ ಅವನ ಹುಳಗಳು

"ಮುಟ್ಟಬೇಡಿ! ಅವು ನನ್ನವು!"

ಬಾಗಿಲಲ್ಲಿ ಏದುಸಿರು ಬಿಡುತ್ತಾ ನಿಂತವನ ಕೂಗಿಗೆ ಬೆಚ್ಚಿಬಿದ್ದು ಅವಳು ಕೈಯಲ್ಲಿದ್ದ ಡಬ್ಬಿಯನ್ನೇ ಬಿಟ್ಟಳು. ಮುಚ್ಚಳ ಒಂದು ಕಡೆ ಹಾರಿತು, ಗೋಧಿ ಕಾಳು ಇನ್ನೊಂದು ಕಡೆ ಚೆಲ್ಲಿತು. ಕಾಳಿನ ನಡುವಿನಿಂದ ಎದ್ದ ಕಂದು ಹುಳಗಳು ಅವಳ ಸರ್ಕ್ಯೂಟ್ ಬೋರ್ಡುಗಳ ಮೇಲೆಲ್ಲಾ ಸಂತೆಗೆ ಬಂದವರಂತೆ ಓಡಾಡತೊಡಗಿದವು.

"ಅಯ್ಯೋ! ನಾನು ತರಿಸಿದ್ದು ಮೈಕ್ರೋಫೋನು ಕಣ್ರೀ! ಇದೇನಿದು?"

"ನಿಮ್ಮ ಮೈಕ್ರೋಫೋನು ನನ್ನ ಕೋಣೆಗೆ ಬಂದಿದೆ ಮೇಡಂ. ಹುಳ ನಿಮಗೆ ಬಂದಿದೆ." ಅವನು ಜೇಬಿನಿಂದ ಸಣ್ಣ ಕುಂಚ ತೆಗೆದು ಹುಳಗಳನ್ನು ಮೆಲ್ಲಗೆ ಡಬ್ಬಿಗೆ ಸೇರಿಸತೊಡಗಿದ. "ಟಪಾಲಿನವರ ತಪ್ಪಲ್ಲ ಬಿಡಿ. ನಾನು ಹೊಸದಾಗಿ ಸೇರಿದೀನಿ, ಕೀಟ ವಿಭಾಗಕ್ಕೆ. ನಮ್ಮಿಬ್ಬರ ಹೆಸರೂ ಒಂದೇ, ಇನಿಷಿಯಲ್ಲೂ ಒಂದೇ! ನಿಮ್ಮನೇಲೂ ಬೇರೆ ಹೆಸರು ಸಿಗಲಿಲ್ವಾ?"

ಅವನು ನಕ್ಕ. ಅವಳಿಗೆ ನಗು ಬರಲಿಲ್ಲ. 

*ಇವನೇ... ಇವನೇ ಅವನು!*

ಹೌದು, ಅವನೇ. ಅವಳು ಎಂದೂ ನೋಡಿರದ, ಆದರೆ ವರ್ಷಗಳಿಂದ ಹೆದರುತ್ತಾ ಬಂದಿದ್ದ ಮನುಷ್ಯ.

ವಿಜ್ಞಾನಿಗಳ ಲೋಕದಲ್ಲಿ ಒಂದು ವಿಚಿತ್ರ ಲೆಕ್ಕವಿದೆ. ನೀವು ಬರೆದ ಲೇಖನವನ್ನು ಬೇರೆಯವರು ತಮ್ಮ ಲೇಖನದಲ್ಲಿ ಹೆಸರಿಸಿದರೆ ಅದೊಂದು ಉಲ್ಲೇಖ, ಇಂಗ್ಲಿಷಿನಲ್ಲಿ ಸೈಟೇಷನ್. ಉಲ್ಲೇಖ ಹೆಚ್ಚಿದಷ್ಟೂ ಬೆಲೆ ಹೆಚ್ಚು. ಇದನ್ನೆಲ್ಲಾ ಎಣಿಸಿ ಪ್ರತಿಯೊಬ್ಬರಿಗೂ ಅಂತರ್ಜಾಲದಲ್ಲೊಂದು ಪುಟ ಇಡುವುದು ಯಂತ್ರ. ಒಂದು ಲೇಖನವನ್ನು ಅದು ಒಬ್ಬರ ಪುಟಕ್ಕಷ್ಟೇ ಸೇರಿಸುತ್ತದೆ. ಯಂತ್ರಕ್ಕೆ ಹೆಸರು ಗೊತ್ತು, ಮುಖ ಗೊತ್ತಿಲ್ಲ.

ಅವಳು ಓದಿದ್ದು ಎಲೆಕ್ಟ್ರಾನಿಕ್ಸ್. ಸಣ್ಣ ಸದ್ದನ್ನು ದೊಡ್ಡದು ಮಾಡುವ ಸರ್ಕ್ಯೂಟು ಅವಳ ಕೆಲಸ. ಅವಳ ಲೇಖನಗಳನ್ನು ಓದುವವರು ಬೆರಳೆಣಿಕೆಯಷ್ಟು ಜನ. ಒಮ್ಮೆ ಯಂತ್ರ ಒಂದು ಉದ್ದ ಪಟ್ಟಿ ತೋರಿಸಿ, 'ಇವೆಲ್ಲಾ ನಿಮ್ಮವೇ?' ಎಂದು ಕೇಳಿತು. ಅವಸರದಲ್ಲಿದ್ದ ಅವಳು ಓದದೆ 'ಹೌದು' ಒತ್ತಿದಳು. ಮರುದಿನ ನೋಡಿದರೆ ಅವಳ ಪುಟದ ತುಂಬ ಕಾಳು ಕೊರೆಯುವ ಹುಳಗಳು! ಯಾರೋ ಕೀಟವಿಜ್ಞಾನಿ ಬರೆದ, ಊರೆಲ್ಲಾ ಓದಿ ಮೆಚ್ಚಿದ ಲೇಖನಗಳು.

ನಾಳೆ ತೆಗೆದರಾಯಿತು ಅಂದುಕೊಂಡಳು. ಅಷ್ಟರಲ್ಲಿ ಸಂಶೋಧನಾ ಸಂಸ್ಥೆಯ ನಿರ್ದೇಶಕರು ಸಭೆಯಲ್ಲಿ ಬೆನ್ನು ತಟ್ಟಿದರು. "ಎಲೆಕ್ಟ್ರಾನಿಕ್ಸೂ ಸೈ, ಕೀಟವೂ ಸೈ! ಮುಚ್ಚಿಟ್ಟುಕೊಂಡಿದ್ದೆಯಲ್ಲಮ್ಮ!" ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳು ತುಟಿ ಪಿಟಿಕ್ಕೆನ್ನಲಿಲ್ಲ. ಆ ನಾಳೆ ಬರಲೇ ಇಲ್ಲ, ಬಡ್ತಿ ಬಂತು. ಈಗ ಎಲೆಕ್ಟ್ರಾನಿಕ್ಸ್ ಮತ್ತು ಕೀಟ ಎರಡನ್ನೂ ಸೇರಿಸಿ ಕಟ್ಟುತ್ತಿರುವ ಹೊಸ ಪ್ರಯೋಗಾಲಯಕ್ಕೆ ಅವಳೇ ಮುಖ್ಯಸ್ಥೆ ಎಂದೂ ತೀರ್ಮಾನವಾಗಿತ್ತು.

ಅಂಥ ಹೊತ್ತಿನಲ್ಲೇ ಆ ಮನುಷ್ಯ ಕುಂಚ ಹಿಡಿದು ಅವಳ ಮೇಜಿನೆದುರು ಬಗ್ಗಿದ್ದ.

"ಯಾಕೆ ಮೇಡಂ, ಹುಳ ಕಂಡ್ರೆ ಭಯಾನಾ?"

"ಹ್ಞಾಂ... ಸ್ವಲ್ಪ," ಅಂದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಸ್ಥಿತಿ ಅವಳದು.

ಗೊಂದಲ ತಪ್ಪಿಸಲು ಟಪಾಲು ವಿಭಾಗದವರು ಅಂದಿನಿಂದ ಇಬ್ಬರಿಗೂ ಅಡ್ಡಹೆಸರಿಟ್ಟರು. ಅವಳು ತಂತಿ ಮೇಡಂ, ಅವನು ಹುಳದ ಸರ್.

ದೂರವಿರಬೇಕು ಅಂತಲೇ ಅವಳು ನಿರ್ಧರಿಸಿದ್ದಳು. ಆದರೆ ಹುಳದ ಸರ್ ಬಿಡಬೇಕಲ್ಲ! ವಾರ ಕಳೆಯುವಷ್ಟರಲ್ಲಿ ಒಂದು ಕಾಳಿನ ಚೀಲ ಹೊತ್ತು ಬಂದ.

"ಮೇಡಂ, ಇದಕ್ಕೆ ಕಿವಿ ಇಡಿ."

"ಏನೂ ಕೇಳ್ತಿಲ್ವಲ್ಲ?"

"ಒಳಗೆ ಮರಿಹುಳ ಕಾಳು ಅಗೀತಿದೆ. ನಮ್ಮ ಕಿವಿಗೆ ಕೇಳಲ್ಲ. ನಿಮ್ಮ ಸರ್ಕ್ಯೂಟಿಗೆ ಕೇಳುತ್ತೆ. ಹುಳ ಹೊರಗೆ ಬರೋ ಮೊದಲೇ ಗೊತ್ತಾದ್ರೆ ಗೋದಾಮಿನ ಕಾಳೆಲ್ಲಾ ಉಳಿಯುತ್ತೆ, ಅಲ್ವಾ?"

ಹೀಗೆ ಶುರುವಾಯಿತು. ಅವಳು ಬೆಸುಗೆ ಹಾಕುವಳು, ಅವನು ಹುಳ ಎಣಿಸುವನು. ಮೊದಲ ಸಲ ಸ್ಪೀಕರಿನಲ್ಲಿ ಕರ್... ಕರ್... ಎಂದು ಸದ್ದು ಕೇಳಿದಾಗ ಅವನು ಮಗುವಿನಂತೆ ಚಪ್ಪಾಳೆ ತಟ್ಟಿದ. ಅವನ ಕಣ್ಣಂಚಿನಲ್ಲಿ ನೀರಿತ್ತು. ಅವಳಿಗೆ ಅವನ ಕಣ್ಣು ಒರೆಸಬೇಕು ಅನ್ನಿಸಿತು. ಅನ್ನಿಸಿದ್ದಕ್ಕೇ ನಾಚಿಕೆಯಾಯಿತು.

"ನಿಮಗ್ಯಾಕೆ ಇನ್ನೂ ಕಾಯಂ ಕೆಲಸ ಸಿಕ್ಕಿಲ್ಲ?" ಒಂದು ದಿನ ಕೇಳಿಯೇಬಿಟ್ಟಳು. ಉತ್ತರ ಗೊತ್ತಿದ್ದೂ!

"ಅಪ್ಪನ ಕಾಯಿಲೆ ಅಂತ ನಡುವೆ ಕೆಲಸ ಬಿಟ್ಟೆ ಮೇಡಂ. ವಾಪಸ್ ಬಂದ್ಮೇಲೆ ಎಲ್ಲಿ ಹೋದ್ರೂ ಒಂದೇ ಮಾತು. ನಿಮ್ಮ ಪುಟದಲ್ಲಿ ಸೈಟೇಷನ್ನೇ ಇಲ್ವಲ್ರೀ ಅಂತಾರೆ."

"ನೀವು... ಆ ಪುಟ ನೋಡಿಲ್ವಾ?"

"ಫೇಲಾದ ಮೇಲೆ ಮಾರ್ಕ್ಸ್ ಕಾರ್ಡ್ ಬೇರೆ ನೋಡ್ಬೇಕಾ? ಧೈರ್ಯ ಇಲ್ಲ." ಅವನು ನಗಲು ನೋಡಿದ. "ಹುಳಗಳ ಬಗ್ಗೆ ಅಷ್ಟು ಬರೆದೆ. ಹುಳ ಬಿಟ್ರೆ ಇನ್ಯಾರೂ ನನ್ನ ಓದಿಲ್ಲ ಅಂತ ಕಾಣುತ್ತೆ."

ಅವಳ ಕೈಯಲ್ಲಿದ್ದ ಕಾದ ಬೆಸುಗೆ ಕಡ್ಡಿ ಬೆರಳಿಗೆ ತಾಗಿತು. ಚುರ್ರೆಂದರೂ ಅವಳು ಕೈ ಎಳೆದುಕೊಳ್ಳಲಿಲ್ಲ.

*ಹೇಳು. ಈಗಲೇ ಹೇಳು!*

ಹೇಳಲಿಲ್ಲ. ಬಿಸಿತುಪ್ಪ ಬಾಯಿಗೆ ಹಾಕಿಕೊಂಡವಳಂತೆ ಕೂತಳು.

"ಅಯ್ಯೋ, ಸುಟ್ಟುಕೊಂಡ್ರಾ?" ಅವನು ಓಡಿಹೋಗಿ ತಣ್ಣೀರು ತಂದ. ಅವಳ ಬೆರಳನ್ನು ನೀರಿನಲ್ಲಿ ಅದ್ದಿ ಹಿಡಿದುಕೊಂಡೇ, ತಲೆಯೆತ್ತದೆ ಹೇಳಿದ. "ಮೇಡಂ... ನನ್ನ ಮಾತಿಗೆ ಕಿವಿ ಕೊಟ್ಟಿದ್ದು ನೀವೊಬ್ಬರೇ. ಇದೊಂದು ಯಂತ್ರ ಮುಗಿದ ಮೇಲೂ ನಿಮ್ಮ ಎದುರಿಗೆ ಕೂತಿರ್ಬೇಕು ಅನ್ಸುತ್ತೆ. ಜೀವನ ಪೂರ್ತಿ."

ಎಷ್ಟು ದಿನದಿಂದ ಅವಳು ಕಾಯುತ್ತಿದ್ದ ಮಾತು! ಆದರೆ ಯಾವ ಮುಖ ಇಟ್ಟುಕೊಂಡು ಹೂಂ ಅನ್ನುವುದು?

"ಅದು ಆಗೋಲ್ಲ." ಬೆರಳು ಕಿತ್ತುಕೊಂಡಳು. "ನಿಮಗೂ ನನಗೂ ಹೊಂದಲ್ಲ. ದಯವಿಟ್ಟು ಹೋಗಿ."

ಅವನ ಮುಖ ಸಣ್ಣದಾಯಿತು. "ಅರ್ಥ ಆಯ್ತು. ನೀವು ನಾಳೆ ಮುಖ್ಯಸ್ಥರು. ನಾನು ತಾತ್ಕಾಲಿಕ ನೌಕರ. ನನಗೆ ನನ್ನ ಮಟ್ಟ ಗೊತ್ತಿರ್ಬೇಕಿತ್ತು."

*ಅಲ್ಲ! ನಿಮ್ಮ ಮಟ್ಟ ಅಲ್ಲ, ನನ್ನ ಮಟ್ಟ...* ಆದರೆ ಅವನು ಆಗಲೇ ಬಾಗಿಲು ದಾಟಿದ್ದ. ಮರುದಿನವೇ, ಕೆಲಸ ಬಿಟ್ಟು ಹೋಗುತ್ತಾನಂತೆ ಎಂದು ಸುದ್ದಿ ಬಂತು.

ಮನೆಯಲ್ಲಿ ಅಕ್ಕ ಒಗೆದ ಬಟ್ಟೆ ಮಡಚುತ್ತಿದ್ದಳು. "ಏನೇ ಇದು, ಹಿಂಡಿ ಹಾಕಿದ ಬಟ್ಟೆ ಥರ ಮುಖ?"

ಆವರೆಗೆ ಯಾರಿಗೂ ಹೇಳದ್ದನ್ನು ಅಕ್ಕನ ಮಡಿಲಿಗೆ ಮುಖ ಹುದುಗಿಸಿ ಹೇಳಿದಳು. ಅಕ್ಕ ಮೊದಲು ನಕ್ಕಳು, ಹುಳದ ಕಥೆ ಕೇಳಿ. ಆಮೇಲೆ ನಗು ನಿಂತಿತು.

"ಅವನಿಗೆ ಗೊತ್ತೇನೇ?"

"ಇಲ್ಲ. ಹೇಳಿದ್ರೆ ನನ್ನ ಬಿಟ್ಟು ಹೋಗ್ತಾನೆ ಅಕ್ಕ..."

"ಹೇಳದಿದ್ರೂ ಹೋಗ್ತಿದಾನಲ್ಲೇ!"

ಅವಳು ಮುಖ ತೊಳೆದುಕೊಂಡು ಹೊರಟಳು.

ಹುಳ ಸಾಕುವ ಕೋಣೆಯಲ್ಲಿ ಅವನು ಡಬ್ಬಿಗಳಿಗೆ ಚೀಟಿ ಅಂಟಿಸುತ್ತಿದ್ದ, ಮುಂದೆ ಬರುವವರಿಗೆ ತಿಳಿಯಲಿ ಎಂದು. ಅವಳು ಲ್ಯಾಪ್‌ಟಾಪ್ ತೆರೆದು ಅವನೆದುರು ಇಟ್ಟಳು.

"ಇದನ್ನ ನೋಡಿ. ಇವು... ನಿಮ್ಮವು."

ಅವನು ಓದಿದ. ತನ್ನ ಲೇಖನಗಳು, ತಾನು ಕನಸಿನಲ್ಲೂ ಕಂಡಿರದಷ್ಟು ಉಲ್ಲೇಖಗಳು, ಮೇಲೆ ಅವಳ ಫೋಟೋ. ಒಂದು ಕ್ಷಣ ಅವನ ಮುಖ ಅರಳಿತು. "ಇಷ್ಟೊಂದು ಜನ ಓದಿದಾರಾ..." ಆಮೇಲೆ ನಿಧಾನವಾಗಿ ಅವಳ ಕಡೆ ತಿರುಗಿದ.

"ನಿಮಗೆ ಯಾವಾಗಿಂದ ಗೊತ್ತು?"

"ಮೊದಲಿಂದ."

"ಅವತ್ತು ಹೇಳ್ದೆನಲ್ಲ, ನನ್ನ ಯಾರೂ ಓದಿಲ್ಲ ಅಂತ. ಆಗಲೂ?"

ಅವಳು ತಲೆ ತಗ್ಗಿಸಿದಳು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. "ಆಗಲೂ."

"ಕೆಲಸ ಹೋದ್ರೆ ಹೋಗ್ಲಿ ಮೇಡಂ," ಅಂದ. "ನಾನು ಪ್ರಯೋಜನಕ್ಕೆ ಬಾರದವನು ಅಂತ ನಂಬಿಬಿಟ್ಟಿದ್ದೆ. ಇಲ್ಲಿಗೆ ಬರೋ ಮೊದಲು ಅಪ್ಪ ಸಾಯುವಾಗಲೂ ಹಾಗೇ ಹೇಳ್ದೆ, ನಿನ್ನ ಮಗ ಏನೂ ಆಗ್ಲಿಲ್ಲ ಅಂತ. ಅವತ್ತು ನಿಮ್ಮ ಒಂದು ಮಾತು ಸಾಕಿತ್ತು."

 ಅವನು ಬಾಗಿಲು ತೋರಿಸಲಿಲ್ಲ, ತಾನೇ ಎದ್ದು ಹೊರಗೆ ಹೋದ.

ಅವಳು ಅಲ್ಲಿಯೇ ಕುಳಿತು ಅವನ ಲೇಖನಗಳನ್ನು ಒಂದೊಂದಾಗಿ ತನ್ನ ಪುಟದಿಂದ ತೆಗೆದಳು. ಬಳಿಕ ನಿರ್ದೇಶಕರ ಕೋಣೆಗೆ ನಡೆದು ಎಲ್ಲವನ್ನೂ ಹೇಳಿದಳು.

"ಯಂತ್ರದ ತಪ್ಪಿಗೆ ನೀನ್ಯಾಕಮ್ಮ ತಲೆ ಕೊಡ್ತೀಯ?" ಅವರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಸದ್ದಿಲ್ಲದೆ ಸರಿಮಾಡು. ಪ್ರಯೋಗಾಲಯದ ಉದ್ಘಾಟನೆ ಮುಗೀಲಿ."

"ಯಂತ್ರ ನನ್ನ ಕೇಳಿತ್ತು ಸರ್. ಹೌದು ಅಂದಿದ್ದು ನಾನು. ಎಲ್ಲರ ಎದುರು ಚಪ್ಪಾಳೆ ತಗೊಂಡಿದೀನಿ, ಎಲ್ಲರ ಎದುರೇ ಹೇಳ್ತೀನಿ."

ಹೇಳಿದಳು. ತುಂಬಿದ ಸಭೆಯಲ್ಲಿ ಎದ್ದು ನಿಂತು ಹೇಳಿದಳು. ಯಾರೂ ಬೈಯಲಿಲ್ಲ. ಪಕ್ಕದವರು ಕುರ್ಚಿಯನ್ನು ಸ್ವಲ್ಪ ಆಚೆ ಎಳೆದುಕೊಂಡರು, ಅಷ್ಟೇ. ಬೈದಿದ್ದರೇ ವಾಸಿಯಿತ್ತು. ಮುಖ್ಯಸ್ಥೆಯ ಹುದ್ದೆ ಹೋಯಿತು, ಬಡ್ತಿಯೂ ಹೋಯಿತು. ಹಳೆಯ ಕೋಣೆಯ ಹಳೆಯ ಮೇಜಿಗೆ ಮರಳಿದಳು. ಅವನಿಗೆ ಅಲ್ಲೇ ಕಾಯಂ ಕೆಲಸ ಕೊಟ್ಟರೆಂದು ಕೇಳಿ ಮನಸ್ಸು ಹಗುರಾಯಿತು. ಆದರೂ ಮೊಗಸಾಲೆಯಲ್ಲಿ ಅವನ ಚಪ್ಪಲಿಯ ಸದ್ದಾದರೆ ಬಾಗಿಲು ಮುಂದೆ ಮಾಡಿಕೊಳ್ಳುತ್ತಿದ್ದಳು.

ಒಂದು ಮಧ್ಯಾಹ್ನ ಆ ಬಾಗಿಲನ್ನು ಅವನೇ ತಳ್ಳಿಕೊಂಡು ಬಂದ. ಕೈಯಲ್ಲಿ ಹಾಳೆಗಳಿದ್ದವು.

"ನಿಮ್ಮದು ಅಂತ ಉಳಿದ ಲೇಖನಗಳನ್ನ ಓದಿದೆ."

ಅವಳು ಎದ್ದು ನಿಂತಳು. "ಅವನ್ನ... ಯಾರೂ ಓದಲ್ಲ."

"ನಾನು ಓದ್ದೆ. ಅರ್ಧ ಅರ್ಥ ಆಗಲಿಲ್ಲ. ಅರ್ಥ ಆದ ಅರ್ಧ ತುಂಬಾ ಚೆನ್ನಾಗಿದೆ. ಸದ್ದು ಹಿಡಿಯೋ ನಮ್ಮ ಯಂತ್ರದ ಬಗ್ಗೆ ಬರೀತಿದೀನಿ. ಅದರಲ್ಲಿ ನಿಮ್ಮ ಲೇಖನ ಹೆಸರಿಸಿದೀನಿ." ಹಾಳೆ ಮುಂದಿಟ್ಟು ಬೆರಳಿಟ್ಟು ತೋರಿಸಿದ. "ಒಂದು ಉಲ್ಲೇಖ. ಇದು ನಿಮ್ಮದೇ."

ಅವಳಿಗೆ ತಡೆಯಲಾಗಲಿಲ್ಲ. ಮುಖ ಮುಚ್ಚಿಕೊಂಡು ಬಿಕ್ಕಿದಳು. "ನನಗೆ ನಿಮ್ಮ ಮುಖ ನೋಡೋಕೂ ನಾಚಿಕೆ... ಅವತ್ತು ಹೊಂದಲ್ಲ ಅಂದಿದ್ದು ಇದಕ್ಕೇ. ನೀವು ಅಂದ್ರೆ ನನಗೆ ಪ್ರಾಣ. ಆದರೆ ಕದ್ದ ಕೈಯನ್ನ ನಿಮ್ಮ ಕೈಲಿ ಹೇಗೆ ಇಡಲಿ?"

 ಅವನು ಅವಳೆದುರಿನ ಸ್ಟೂಲು ಎಳೆದುಕೊಂಡು ಕೂತ.

"ನನಗೆ ಇನ್ನೂ ಕೋಪ ಇದೆ," ಅಂದ.

"ಇರ್ಲಿ. ಇರ್ಬೇಕು."

"ಅದು ಇಳಿಯೋವರೆಗೂ ಇಲ್ಲೇ, ನಿಮ್ಮ ಎದುರಿಗೇ ಕೂತಿರ್ತೀನಿ."

ಅವಳು ಮುಖದಿಂದ ಕೈ ಸರಿಸಿ, ಅಂದಿನ ತಪ್ಪೊಪ್ಪಿಗೆಯ ನಂತರ ಮೊದಲ ಸಲ ಅವನ ಕಣ್ಣು ನೋಡಿದಳು. "ಇಳಿದ ಮೇಲೆ... ಎದ್ದು ಹೋಗ್ತೀರಾ?"

"ಇಲ್ಲ ಕಣೇ." ಅವನು ಅವಳ ಒದ್ದೆ ಕೈ ಹಿಡಿದ. "ಅದಕ್ಕೇ ಕೋಪಾನ ಸ್ವಲ್ಪ ಉಳಿಸ್ಕೊಂಡಿರ್ತೀನಿ."