ಕೀ ತೆಗೆದರೂ ನಿಲ್ಲದ ಎಂಜಿನ್

"ಇನ್ನೊಂದ್ಸಲ ಹೇಳು ಪುಟ್ಟಿ, ಏನ್ ಮಾಡ್ಬೇಕು?" ಎತ್ತಿ ನಿಲ್ಲಿಸಿದ್ದ ಬಾನೆಟ್ಟಿನ ಆಚೆಯಿಂದ ಅಪ್ಪನ ದನಿ ಬಂತು.

"ನೀನು ಹೂಂ ಅಂದ್ರೆ ಕೀ ತಿರುಗಿಸ್ಬೇಕು. ಆಫ್ ಅಂದ್ರೆ ಆಫ್ ಮಾಡ್ಬೇಕು. ಕೆಳಗಡೆ ಪೆಡಲ್ ಮುಟ್ಲೇಬಾರದು." ಡ್ರೈವರ್ ಸೀಟಿನಲ್ಲಿ ಕುಳಿತಿದ್ದ ಪ್ರಣತಿ ಪಾಠ ಒಪ್ಪಿಸಿದಳು.

"ಶಭಾಷ್! ಗೇರು ನ್ಯೂಟ್ರಲ್‌ನಲ್ಲಿದೆ, ಹ್ಯಾಂಡ್ ಬ್ರೇಕ್ ಹಾಕಿದೀನಿ. ಜೀಪು ಎಲ್ಲಿಗೂ ಓಡಿಹೋಗಲ್ಲ."

ಮುಟ್ಟಬಾರದು ಎಂದಮೇಲೆ ಮುಟ್ಟಬಾರದು. ಪ್ರಣತಿ ಚಪ್ಪಲಿ ಬಿಟ್ಟು, ಎರಡೂ ಕಾಲುಗಳನ್ನು ಸೀಟಿನ ಮೇಲೆ ಎಳೆದುಕೊಂಡು ಚಕ್ಕಳಮಕ್ಕಳ ಹಾಕಿ ಕುಳಿತಳು.

ಆ ಡೀಸೆಲ್ ಜೀಪು ಪ್ರಣತಿಗಿಂತ ತುಂಬಾ ದೊಡ್ಡದು. ಅವಳು ಹುಟ್ಟುವ ಮೊದಲೇ ನೈರೋಬಿಯ ರಸ್ತೆಗಳಲ್ಲಿ ಓಡಾಡಿತ್ತು. ಸಪಾಟು ರಸ್ತೆಯಲ್ಲಿ ಅದಕ್ಕೆ ಯಾವ ತೊಂದರೆಯೂ ಇರಲಿಲ್ಲ. ಲಿಮುರು ಕಡೆಯ ಏರು ಬಂತೆಂದರೆ ಮಾತ್ರ ಏದುಸಿರು. ಎಸಿ ಆಫ್ ಮಾಡಬೇಕು, ಹಿಂದೆ ಬರುವ ಮಟಾಟು ವ್ಯಾನುಗಳಿಂದ ಹಾರ್ನ್ ಕೇಳಿಸಿಕೊಳ್ಳಬೇಕು. ಹೋದ ತಿಂಗಳಂತೂ ಎಲೆಕೋಸು ತುಂಬಿದ್ದ ಲಾರಿಯೊಂದು ಅವರನ್ನು ಹಿಂದೆ ಹಾಕಿತ್ತು. "ಅಪ್ಪಾ, ಕ್ಯಾಬೇಜ್ ಗೆದ್ದುಬಿಡ್ತು!" ಎಂದು ಪ್ರಣತಿ ಬಿದ್ದು ಬಿದ್ದು ನಕ್ಕಿದ್ದಳು. ಅಪ್ಪನೂ ನಕ್ಕಿದ್ದ. ಆದರೆ ಮುಂದಿನ ಶನಿವಾರ ಪೇಟೆಯ ಹಳೇ ಸ್ಪೇರ್ ಪಾರ್ಟ್ಸ್ ಅಂಗಡಿಗಳಲ್ಲಿ ಸುತ್ತಾಡಿ, ಗೋಣಿಯಲ್ಲಿ ಏನನ್ನೋ ಸುತ್ತಿಕೊಂಡು ಬಂದ.

ಬಿಚ್ಚಿದರೆ ದೊಡ್ಡ ಬಸವನಹುಳುವಿನ ಚಿಪ್ಪಿನ ಹಾಗಿತ್ತು. ಕಬ್ಬಿಣದ್ದು, ಭಾರ.

"ಇದು ಟರ್ಬೊ. ಆ್ಯಕ್ಸಿಡೆಂಟ್ ಆದ ವ್ಯಾನಿಂದ ಬಿಚ್ಚಿದ್ದಂತೆ," ಎಂದಿದ್ದ ಅಪ್ಪ. "ಹೊರಗೆ ಹೋಗೋ ಹೊಗೆ ಇದೆಯಲ್ಲ, ಅದು ಇದರೊಳಗಿನ ಚಕ್ರಾನ ತಿರುಗಿಸುತ್ತೆ. ಚಕ್ರ ಎಂಜಿನ್‌ಗೆ ಜಾಸ್ತಿ ಗಾಳಿ ಊದುತ್ತೆ. ಆಮೇಲೆ ನೋಡ್ತಿರು ನಿನ್ನ ಕ್ಯಾಬೇಜ್ ಲಾರೀನ!"

"ಯಾವುದೋ ವ್ಯಾನಿಂದು ನಮ್ಮ ಜೀಪಿಗೆ ಆಗುತ್ತೇನ್ರೀ? ಗ್ಯಾರೇಜಿನವರಿಗೆ ತೋರಿಸಿ," ಎಂದಿದ್ದಳು ಅಮ್ಮ.

"ಊರ್ಮಿಳಾ, ನಾನೂ ಮೆಕ್ಯಾನಿಕಲ್ ಓದಿದೋನೇ. ಈಗ ಟೆಲಿಕಾಂ ಕಂಪನಿಯಲ್ಲಿದೀನಿ ಅಷ್ಟೇ."

ಅದಾದಮೇಲೆ ಪ್ರತಿ ವಾರ ಕಿಲಿಮಾನಿಯ ತಮ್ಮ ಅಪಾರ್ಟ್‌ಮೆಂಟಿನ ಪಾರ್ಕಿಂಗ್‌ನಲ್ಲಿ ಅಪ್ಪ, ಪ್ರಣತಿ ಇಬ್ಬರದೇ ಗ್ಯಾರೇಜು. ಅಪ್ಪ ಕೇಳಿದ ಸ್ಪಾನರ್ ಅನ್ನು ಅವಳು ಥಟ್ಟನೆ ಕೊಡುತ್ತಿದ್ದಳು. ಇವತ್ತು ಎಲ್ಲ ಮುಗಿದಿತ್ತು. ಏರ್ ಫಿಲ್ಟರಿನ ಪೈಪೊಂದು ಮಾತ್ರ ಅಳತೆಗೆ ಬರದೆ ಉಳಿದಿತ್ತು. ಹಾಗಾಗಿ ಟರ್ಬೊ ಗಾಳಿ ಎಳೆಯುವ ಬಾಯಿ ತೆರೆದೇ ಇತ್ತು. "ಎರಡು ನಿಮಿಷ ಓಡಿಸಿ ನೋಡೋಣ. ಪೈಪು ನಾಳೆ," ಎಂದಿದ್ದ ಅಪ್ಪ.

"ಹೂಂ!"

ಪ್ರಣತಿ ಕೀ ತಿರುಗಿಸಿದಳು. ಜೀಪು ಕೆಮ್ಮಿತು, ನಡುಗಿತು, ಸ್ಟಾರ್ಟ್ ಆಯಿತು. ಗಡಗಡ ಸದ್ದಿನ ಜೊತೆಗೆ ಹೊಸದೊಂದು ಸಿಳ್ಳೆ.

"ಕೇಳಿಸ್ತಾ? ಅದೇ ಟರ್ಬೊ!" ಅಪ್ಪ ಹುಡುಗನ ಹಾಗೆ ಕೂಗಿದ.

ಸ್ವಲ್ಪ ಹೊತ್ತಿಗೆ ಸಿಳ್ಳೆ ಏರತೊಡಗಿತು. ಎಂಜಿನ್ ಸದ್ದೂ ಏರಿತು. ಯಾರೋ ಆ್ಯಕ್ಸಿಲರೇಟರ್ ಒತ್ತಿದಂತೆ ಏರುತ್ತಲೇ ಹೋಯಿತು.

"ಪುಟ್ಟಿ, ಪೆಡಲ್ ಒತ್ತಬೇಡ!"

"ನಾನು ಒತ್ತಿಲ್ಲ!"

ಸದ್ದು ಇನ್ನೂ ಜೋರಾಯಿತು. ಜೀಪು ಇಡೀ ಅದುರತೊಡಗಿತು. ಕನ್ನಡಿ ಅದುರಿತು, ಪ್ರಣತಿಯ ಹಲ್ಲುಗಳೂ ಅದುರಿದವು. ಬಾನೆಟ್ಟಿನ ಎರಡೂ ಪಕ್ಕದಿಂದ ಹೊಗೆ ನುಗ್ಗಿ ಬಂತು.

"ಆಫ್! ಆಫ್ ಮಾಡು!"

ಅವಳು ಕೀ ತಿರುಗಿಸಿದಳು. ಎಂಜಿನ್ ನಿಲ್ಲಲಿಲ್ಲ. ಮತ್ತೆ ತಿರುಗಿಸಿದಳು. ನಿಲ್ಲಲಿಲ್ಲ. ಕೀಯನ್ನೇ ಹೊರಗೆ ಎಳೆದಳು. ಕೀ ಅವಳ ಕೈಯಲ್ಲಿತ್ತು, ಜೀಪು ಅರಚುತ್ತಲೇ ಇತ್ತು.

ಕೀ ಇಲ್ಲದೆ ಓಡುವುದೆಂದರೇನು?

"ಆಫ್ ಮಾಡು ಅಂದ್ನಲ್ಲ! ಕಾಲು ತೆಗಿ! ಪ್ರಣತಿ, ಕಾಲು ತೆಗಿಯೇ!" ಅಪ್ಪ ಯಾವತ್ತೂ ಅಂಥ ದನಿಯಲ್ಲಿ ಕೂಗಿರಲಿಲ್ಲ.

"ಮಾಡಿದೀನಿ! ಐ ಡಿಡ್! ಐ ಡಿಡ್ ಇಟ್!" ಅವಳ ಕೂಗು ಅವಳಿಗೇ ಕೇಳಿಸಲಿಲ್ಲ.

ಅಪ್ಪ ಓಡಿ ಬಂದು ಬಾಗಿಲು ಎಳೆದ. ಬೈಯಲೆಂದೇ ಬಾಯಿ ತೆರೆದಿದ್ದ. ಅವನ ಕಣ್ಣು ಮೊದಲು ಪೆಡಲ್ ಮೇಲೆ ಬಿತ್ತು. ಅಲ್ಲಿ ಕಾಲಿರಲಿಲ್ಲ. ಆಮೇಲೆ ಸೀಟಿನ ಮೇಲೆ ಮಡಚಿಟ್ಟ ಎರಡು ಬರಿಗಾಲುಗಳ ಮೇಲೆ. ಆಮೇಲೆ ಅವಳ ಮುಷ್ಟಿಯಲ್ಲಿದ್ದ ಕೀಯ ಮೇಲೆ.

ಅಪ್ಪನ ಮುಖ ಬೂದಿಯ ಬಣ್ಣಕ್ಕೆ ತಿರುಗಿತು.

ಅವನು ಅವಳನ್ನು ಎರಡೂ ಕೈಯಲ್ಲಿ ಎತ್ತಿ ಹೊರಗೆ ದಬ್ಬಿದ. ಗೇಟಿನಿಂದ ಓಡಿ ಬಂದಿದ್ದ ವಾಚ್‌ಮನ್ ಮುತುವಾ ಅವಳನ್ನು ಹಿಡಿದುಕೊಂಡು ಗೋಡೆಯ ಕಡೆಗೆ ಓಡಿದ. ಮೇಲಿನ ಬಾಲ್ಕನಿಯಿಂದ ಯಾರೋ "ಮೋಟೊ! ಮೋಟೊ!" ಎಂದು ಕಿರುಚಿದರು. ಬೆಂಕಿ ಎಂದು ಅದರ ಅರ್ಥ. ಬೆಂಕಿ ಇರಲಿಲ್ಲ. ಆದರೆ ಬಿಳಿ ಹೊಗೆಯಲ್ಲಿ ಜೀಪೇ ಕಾಣುತ್ತಿರಲಿಲ್ಲ, ಅಪ್ಪನೂ ಕಾಣುತ್ತಿರಲಿಲ್ಲ.

"ಅಪ್ಪಾ!"

ಸ್ಪಾನರ್‌ಗಳು ನೆಲಕ್ಕೆ ಚೆಲ್ಲಾಡಿದ ಸದ್ದು. ಅವುಗಳನ್ನು ಜೋಡಿಸಿಟ್ಟಿದ್ದ ಮರದ ಹಲಗೆಯನ್ನು ಅಪ್ಪ ಎತ್ತಿಕೊಂಡಿದ್ದ. ಹೊಗೆಯೊಳಗೆ ಬಾಗಿ, ಟರ್ಬೊ ಗಾಳಿ ಎಳೆಯುತ್ತಿದ್ದ ಬಾಯಿಗೆ ಹಲಗೆಯನ್ನು ಒತ್ತಿ ಹಿಡಿದ. ಎಂಜಿನ್ ಉಸಿರು ಕಟ್ಟಿದಂತೆ ಬಿಕ್ಕಳಿಸಿತು. ಜೀಪು ಒಮ್ಮೆ ಕುಪ್ಪಳಿಸಿತು. ನಿಂತಿತು.

ಎಷ್ಟು ನಿಶ್ಶಬ್ದವೆಂದರೆ, ಎಲ್ಲೋ ನಾಯಿ ಬೊಗಳಿದ್ದು ಕೇಳಿಸಿತು.

ಅಮ್ಮ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ಪ್ರಣತಿಯ ಮುಖ, ಕೈ, ಕಾಲು ಎಲ್ಲ ಮುಟ್ಟಿ ನೋಡಿದಳು. "ಪೊಲೆ, ಪೊಲೆ," ಎಂದು ಅಯ್ಯೋ ಪಾಪ ಎನ್ನುವ ಹಾಗೆ ಮುತುವಾ ಮೆಲ್ಲಗೆ ತಲೆ ಸವರುತ್ತಿದ್ದ. ಮೂರನೇ ಮಹಡಿಯ ವಾಮನ ಅಂಕಲ್ ಲುಂಗಿಯಲ್ಲೇ ಇಳಿದು ಬಂದರು. ಬ್ಯಾಂಕಿನಲ್ಲಿ ಕೆಲಸ, ಬೆಂಗಳೂರಿನವರು.

"ಏನ್ ತ್ರಿವಿಕ್ರಮ, ಏನಾಯ್ತ್ರೀ?" ಎಂದು ಅಪ್ಪನನ್ನು ಕೇಳಿದವರೇ ಪ್ರಣತಿಯನ್ನು ನೋಡಿದರು. "ಓಹೋ! ಮಕ್ಕಳ ಕೈಗೆ ಕೀ ಕೊಟ್ರೆ ಹೀಗೇ ಆಗೋದು. ಗಾಬರಿಗೆ ಆ್ಯಕ್ಸಿಲರೇಟರ್ ತುಳಿದುಬಿಟ್ಟಿದಾಳೆ, ಅಲ್ವಾ?"

ಪ್ರಣತಿ ಅಪ್ಪನನ್ನು ನೋಡಿದಳು. ಈಗ ಹೇಳುತ್ತಾನೆ. ಅವನು ಕಣ್ಣಾರೆ ನೋಡಿದ್ದಾನಲ್ಲ.

ಅಪ್ಪ ನೆಲದ ಮೇಲೆ ಕುಳಿತಿದ್ದ. ಏನೂ ಹೇಳಲಿಲ್ಲ.

"ಹೋಗ್ಲಿ ಬಿಡಿ, ಮಗು ತಾನೇ," ಎಂದರು ವಾಮನ ಅಂಕಲ್. ಸುತ್ತ ನಿಂತವರು ನಿಟ್ಟುಸಿರು ಬಿಟ್ಟು ನಕ್ಕರು.

ಎಂಜಿನ್ ಅರಚಿದ್ದಕ್ಕಿಂತ ಈ ನಗು ಪ್ರಣತಿಗೆ ಜೋರಾಗಿ ಕೇಳಿಸಿತು. ಅವಳು ಬರಿಗಾಲಲ್ಲೇ ಮೆಟ್ಟಿಲು ಹತ್ತಿ ಮನೆಗೆ ಹೋದಳು.

ಮಧ್ಯಾಹ್ನ ಊಟಕ್ಕೆ ಕರೆದರೆ ಹೋಗಲಿಲ್ಲ. ಹಾಸಿಗೆಯ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದಳು. ಕೈಗಳು ಇನ್ನೂ ನಡುಗುತ್ತಿದ್ದವು. ಅವುಗಳನ್ನು ದಿಂಬಿನ ಅಡಿಗೆ ತೂರಿಸಿದಳು. ಕೆಳಗಿನಿಂದ ಸ್ಪಾನರ್ ಸದ್ದು ತುಂಬಾ ಹೊತ್ತು ಕೇಳಿಸುತ್ತಿತ್ತು. ಸ್ಪಾನರ್ ಕೊಡಲು ಅವಳು ಹೋಗಲಿಲ್ಲ.

ಸಂಜೆ ಅಪ್ಪ ಬಾಗಿಲಲ್ಲಿ ನಿಂತ. ಕೈಯಲ್ಲಿ ಟರ್ಬೊ ಇತ್ತು. ಅದರ ಬಾಯಿಂದ ಕಪ್ಪು ಎಣ್ಣೆ ಹಳೇ ಬಟ್ಟೆಯ ಮೇಲೆ ತೊಟ್ಟಿಕ್ಕುತ್ತಿತ್ತು.

"ಒಳಗೆ ಆಯಿಲ್ ತಡೆಯೋ ಸೀಲು ಸವೆದುಹೋಗಿದೆ," ಎಂದ. "ಇದರಿಂದ ಆಯಿಲ್ ಸೋರಿ ಎಂಜಿನ್ನೊಳಗೆ ಹೋಗ್ತಿತ್ತು. ಎಂಜಿನ್ ಆ ಆಯಿಲ್ಲನ್ನೇ ಕುಡಿದು ಓಡ್ತಿತ್ತು. ಕೀ ಆಫ್ ಮಾಡಿದ್ರೆ ನಿಲ್ಲೋದು ಡೀಸೆಲ್ ಮಾತ್ರ. ನೀನೇನ್ ಮಾಡಿದ್ರೂ ಅದು ನಿಲ್ತಿರಲಿಲ್ಲ ಪುಟ್ಟಿ. ಹಾಕೋ ಮುಂಚೆ ನಾನು ಬಿಚ್ಚಿ ನೋಡ್ಬೇಕಿತ್ತು. ನೋಡ್ಲಿಲ್ಲ."

ಪ್ರಣತಿ ಗೋಡೆಯ ಕಡೆಗೇ ತಿರುಗಿದ್ದಳು. "ವಾಮನ ಅಂಕಲ್‌ಗೆ ಯಾಕೆ ಹೇಳ್ಲಿಲ್ಲ?"

ಅಪ್ಪ ಬಾಗಿಲಿಗೆ ಒರಗಿದ.

"ಅವರು ಏನಂದ್ರು ಅಂತಾನೇ ಆಗ ನನಗೆ ಕೇಳಿಸಲಿಲ್ಲ. ಎಂಜಿನ್ ಸಿಡಿದಿದ್ರೆ... ನೀನು ಅದರ ಎದುರಿಗೇ ಕೂತಿದ್ದೆ. ನಾನೇ ಕೂರಿಸಿದ್ದು. ಅದೊಂದೇ ತಲೇಲಿತ್ತು." ಆಮೇಲೆ ಹೇಳಿದ, "ಬಾ, ಈಗ ಹೋಗೋಣ."

ಇಬ್ಬರೂ ಮೂರನೇ ಮಹಡಿಗೆ ಹತ್ತಿದರು. ಅಪ್ಪ ಬೆಲ್ ಒತ್ತಿದ. ವಾಮನ ಅಂಕಲ್ ಬಾಗಿಲು ತೆರೆದರು. ಒಳಗೆ ಟಿವಿಯ ಮುಂದೆ ಇನ್ನೂ ಒಂದಿಬ್ಬರು ನೆಂಟರು ಕುಳಿತಿದ್ದರು.

"ಬನ್ನಿ ಬನ್ನಿ, ಕಾಫಿ ಆಗ್ತಿದೆ."

"ಇಲ್ಲ, ಒಂದು ಮಾತು ಹೇಳಿ ಹೋಗೋಣ ಅಂತ ಬಂದೆ," ಎಂದ ಅಪ್ಪ. "ಪ್ರಣತಿ ಪೆಡಲ್ ತುಳಿದಿರಲಿಲ್ಲ. ನಾನು ಹೇಳಿದ ತಕ್ಷಣ ಆಫ್ ಮಾಡಿದ್ದಳು, ಕೀನೂ ತೆಗೆದಿದ್ದಳು. ಅವಳು ಹೇಳ್ತಾನೇ ಇದ್ದಳು, ನಾನೇ ನಂಬಲಿಲ್ಲ. ತಪ್ಪು ನನ್ನದು ವಾಮನ. ಹಾಳಾದ ಟರ್ಬೊ ಹಾಕಿ ಮಗೂನ ಒಳಗೆ ಕೂರಿಸಿದ್ದು ನಾನು."

ಒಳಗೆ ಟಿವಿ ಸದ್ದು ಸಣ್ಣದಾಯಿತು. ನೆಂಟರು ಇತ್ತ ತಿರುಗಿ ನೋಡಿದರು.

ಅಪ್ಪನ ದನಿ ಆಫೀಸಿನ ಫೋನಿನಲ್ಲಿ ಮಾತಾಡುವಷ್ಟೇ ಗಟ್ಟಿಯಾಗಿತ್ತು. ಆದರೆ ಅವನ ಹಿಂದೆ ನಿಂತಿದ್ದ ಪ್ರಣತಿಗೆ, ಅವನು ಬೆನ್ನ ಹಿಂದೆ ಇಟ್ಟುಕೊಂಡಿದ್ದ ಬಲಗೈ ಕಾಣುತ್ತಿತ್ತು. ಉಗುರಿನ ಸಂದಿಯಲ್ಲೆಲ್ಲ ಎಣ್ಣೆ. ಆ ಕೈ ನಡುಗುತ್ತಿತ್ತು. ಬೆಳಿಗ್ಗೆಯಿಂದಲೂ ಅದು ನಡುಗುತ್ತಲೇ ಇತ್ತೇನೋ.

ನಡುಗುತ್ತಿರುವುದು ತನ್ನ ಕೈ ಮಾತ್ರ ಎಂದುಕೊಂಡಿದ್ದಳು ಅವಳು.

ಪ್ರಣತಿ ಒಂದು ಹೆಜ್ಜೆ ಮುಂದೆ ಬಂದು ಆ ಕೈಯನ್ನು ಹಿಡಿದಳು. ಎಣ್ಣೆಗೆ ಅದು ಜಾರಿತು. ಎರಡು ಬೆರಳುಗಳನ್ನು ಗಟ್ಟಿಯಾಗಿ ಹಿಡಿದುಕೊಂಡಳು.