ಆಶೀರ್ವಾದಕ್ಕೆ ಎತ್ತಿದ ಕೈ

ಎಂಬಾಲೆ ಪಟ್ಟಣದ ಹೊರಗಿನ ಈ ಗುಡ್ಡದ ಯೆಹೂದಿ ಮಕ್ಕಳಿಗೆ ಹೀಬ್ರೂ ಕಲಿಸಲು ಇಸ್ರೇಲಿನಿಂದ ಇಬ್ಬರು ಬಂದರು. ನೋಗಾ ಎಂಬ ಹುಡುಗಿ ಪಕ್ಕದ ಮನೆಯಲ್ಲಿ ಉಳಿದಳು, ಇತಮಾರ್ ನಮ್ಮ ಮನೆಯಲ್ಲಿ. ಮೊದಲ ದಿನವೇ ಎಡವಟ್ಟು. ಊಟಕ್ಕೆ ಮುಂಚೆ ಕೈಗೆ ನೀರು ಹಾಕಲು ನಿಂತರೆ, ಅವನು ನನ್ನ ಕೈಯಿಂದ ಜಗ್ಗನ್ನೇ ಕಿತ್ತುಕೊಂಡ.

“ನಾನೇ ತೊಳ್ಕೋತೀನಿ. ನಿನಗ್ಯಾಕೆ ಕಷ್ಟ?”

“ಲೋ ಇಸ್ರೇಲು, ಜಗ್ ಬಿಡೋ!” ಅಜ್ಜಿ ಕೂಗಿದಳು. “ಅವಳು ನೀರು ಹಾಕದಿದ್ರೆ ಈ ಮನೇಲಿ ಬೇಯಿಸಿದ ಬಾಳೆಕಾಯಿ ಮಟೋಕೆ ಸಿಗಲ್ಲ!”

ಅವನ ಕಿವಿ ಕೆಂಪಾಯಿತು. ಆಮೇಲೆ ದಿನಾ ತಾನೇ ಮುಂದೆ ಬಂದು ಕೈಯೊಡ್ಡುತ್ತಿದ್ದ. ತೊಳೆದಾದ ಮೇಲೂ ತೆಗೆಯುತ್ತಿರಲಿಲ್ಲ.

“ಇನ್ನೂ ಕೊಳೆ ಇದೆ.”

“ಎಲ್ಲಿ?”

“ಹತ್ತಿರ ಬಂದು ನೋಡು.”

ನಾನು ಶಾಲೆ ಬೇಗ ಬಿಟ್ಟವಳು. ಹೆಚ್ಚು ಮಾತು ಬಾರದು, ನೋಡುವುದು ಬರುತ್ತದೆ. ಅವನ ಉಗುರಿನ ಬಿಳಿ ಗೀರು, ನಗು ತಡೆಯುವಾಗ ಒಳಗೆಳೆದುಕೊಳ್ಳುವ ಕೆಳತುಟಿ, ಎಲ್ಲ ನೋಡಿಟ್ಟುಕೊಂಡೆ.

ಹಬ್ಬದ ಹಿಂದಿನ ದಿನ ಜಗಲಿಯಲ್ಲಿ ಕಾಫಿ ಬೀಜ ಆರಿಸುತ್ತಿದ್ದಾಗ ಮೆಲ್ಲಗೆ ಹೇಳಿದ. “ಖೈಂಜಾ, ಹಬ್ಬ ಮುಗೀಲಿ. ನಿಮ್ಮಪ್ಪನ ಹತ್ರ ಮಾತಾಡ್ತೀನಿ.”

“ಏನಂತ?”

“ನಿಮ್ಮ ಮೇಕೆ ಬಹಳ ಚೆನ್ನಾಗಿದೆ ಅಂತ!”

ನಾನು ಕೈಗಳನ್ನು ಬೀಜದ ರಾಶಿಯೊಳಗೆ ಹೂತಿಟ್ಟೆ.

ಹಬ್ಬದ ಬೆಳಿಗ್ಗೆ ಪ್ರಾರ್ಥನೆ ನಡೆಸುವ ಅಪ್ಪ ನಡುವೆ ಎಂದಿನಂತೆ ಕೇಳಿದರು, “ಆರೋನನ ವಂಶದ ಪುರೋಹಿತರು ಇಲ್ಲಿ ಯಾರಾದ್ರೂ ಇದ್ದೀರಾ?” ಗ್ರಂಥದಲ್ಲಿ ಕೇಳಬೇಕೆಂದಿದೆ, ಹಾಗಾಗಿ ಕೇಳುತ್ತಾರೆ. ಕೈಯೆತ್ತಿ ಸಭೆಯನ್ನು ಹರಸುವ ಹಕ್ಕು ಆ ವಂಶದವರಿಗೆ ಮಾತ್ರ, ನಮ್ಮಲ್ಲಿ ಅಂಥವರು ಯಾರೂ ಇಲ್ಲ. ನಮ್ಮ ಹಿರಿಯರು ಗ್ರಂಥ ಓದಿ ಯೆಹೂದಿಗಳಾದವರು. ಆಮೇಲೆ ಹೊರಗಿನ ಗುರುಗಳು ಬಂದು ನಮ್ಮನ್ನೆಲ್ಲ ನೀರಲ್ಲಿ ಮುಳುಗಿಸಿ ಒಪ್ಪಿಕೊಂಡರು. ಆ ತಣ್ಣೀರು ನನಗೆ ಇನ್ನೂ ನೆನಪಿದೆ.

“ನಾನಿದ್ದೀನಿ,” ಎಂದ ಇತಮಾರ್. “ನಮ್ಮ ತಾತ ಹೇಳ್ತಿದ್ರು, ನಾವು ಅದೇ ವಂಶ ಅಂತ.”

ಎಲ್ಲರೂ ಅವನತ್ತ ತಿರುಗಿದರು. ಅವನು ಚಪ್ಪಲಿ ಕಳಚಿದ. ದಿನವೂ ನಾನು ನೀರು ಹಾಕುತ್ತಿದ್ದ ಕೈಗಳಿಗೆ ಅಂದು ಅಪ್ಪ ನೀರು ಹಾಕಿದರು. ಅವನು ಕೈಯೆತ್ತಿ ಆಶೀರ್ವದಿಸಿದಾಗ ಅಜ್ಜಿ ಮುಖ ಮುಚ್ಚಿ ಬಿಕ್ಕಿದಳು. ಪ್ರಾರ್ಥನೆಗೆ ನಿಷೇಧವಿದ್ದ ಕಾಲದಲ್ಲಿ ಗ್ರಂಥವನ್ನು ಬಾಳೆಗೊನೆಗಳ ಕೆಳಗೆ ಬಚ್ಚಿಟ್ಟವಳು ಅವಳು.

ಎಲ್ಲರೂ ಅತ್ತರು. ನಾನೂ ಅತ್ತೆ. ನನ್ನದು ಬೇರೆ ಅಳು. ಆರೋನನ ವಂಶದವನು ನೀರಲ್ಲಿ ಮುಳುಗಿ ಯೆಹೂದಿಯಾದವಳನ್ನು ಮದುವೆಯಾಗುವಂತಿಲ್ಲ. ಆ ನಿಯಮವನ್ನು ಅಪ್ಪ ಮನೆಯಲ್ಲಿ ಎಷ್ಟೋ ಸಲ ಓದಿದ್ದರು.

ಹಬ್ಬ ಮುಗಿದ ಮರುದಿನ ಅವನು ಹಿತ್ತಲಿಗೆ ಓಡಿಬಂದ. “ನೋಗಾ ಈಗ ಹೇಳಿದ್ಳು. ದೇವರಾಣೆ, ನನಗೆ ಗೊತ್ತಿರಲಿಲ್ಲ! ನಮ್ಮನೇಲಿ ಇದನ್ನೆಲ್ಲ ಯಾರೂ ಕೇಳಲ್ಲ.”

“ನಿಮ್ಮನ್ನ ಯಾರೂ ಕೇಳಲ್ಲ. ನಮ್ಮನ್ನ ಎಲ್ಲರೂ ಕೇಳ್ತಾರೆ.”

“ತಾತ ಸುಳ್ಳು ಹೇಳಿದ್ರು, ನಾನು ಆ ವಂಶದವನಲ್ಲ ಅಂದ್ಬಿಡ್ತೀನಿ.”

“ಅಜ್ಜಿಗೆ ಹೇಳ್ತೀಯಾ? ನಿನ್ನೆಯದು ಆಶೀರ್ವಾದವೇ ಅಲ್ಲ ಅಂತ?”

ಅವನು ಇಲ್ಲವೆಂದು ತಲೆಯಾಡಿಸಿದ.

“ನೀನು ನಿಯಮ ಮುರಿದ್ರೆ, ಹುಡುಗ ತಪ್ಪು ಮಾಡಿದ ಅಂತಾರೆ. ನಾನು ಮುರಿದ್ರೆ, ನೋಡಿ, ಇವರು ಯೆಹೂದಿಗಳೇ ಅಲ್ಲ ಅಂತಾರೆ.” ಬದುಕಿನಲ್ಲಿ ನಾನು ಅಷ್ಟು ಉದ್ದ ಮಾತಾಡಿದ್ದು ಅದೇ ಮೊದಲು. “ನಿನ್ನ ಮೇಲೆ ಆಸೆ ಇಲ್ಲ ಅಂದ್ಕೋಬೇಡ. ಇದೆ. ತುಂಬಾ ಇದೆ.”

ಅವನು ನನ್ನ ಕಡೆ ಕೈ ಚಾಚಿದ. ನಾನು ಹಿಡಿಯಲಿಲ್ಲ.

ಊರಿಗೆ ಹೋದ ಮೇಲೆ ಅವನು ಸೈನ್ಯ ಸೇರಬೇಕಿತ್ತು. ಹೊರಡುವ ದಿನ, ಬಾಡಿಗೆ ಬೈಕ್ ಅಂಗಳಕ್ಕೆ ಬಂದ ಮೇಲೂ, ಅವನು ಅಪ್ಪನ ಮುಂದೆ ನಿಂತೇ ಇದ್ದ.

“ಅಪ್ಪಾಜಿ, ಒಂದು ಮಾತು ಕೇಳ್ಬೇಕಿತ್ತು.”

“ಕೇಳು ಮಗನೇ.”

ಅವನು ನನ್ನನ್ನು ನೋಡಿದ. ನಾನು ತಲೆಯಾಡಿಸಿದೆ, ಬೇಡವೆಂದು.

“ಮುಂದಿನ ಹಬ್ಬಕ್ಕೆ... ಆಶೀರ್ವಾದಕ್ಕೆ ಯಾರನ್ನ ಕರೀತೀರಿ ಅಂತ.”

ಅಪ್ಪ ಜೋರಾಗಿ ನಕ್ಕು ಅವನನ್ನು ಎದೆಗಪ್ಪಿಕೊಂಡರು. “ಇನ್ಯಾರನ್ನೋ? ನೀನೇ ಬಾ! ನಮ್ಮ ಖೈಂಜಾಳ ಮದುವೆಗೂ ನೀನೇ ಬಂದು ಕೈಯೆತ್ತಿ ಹರಸ್ಬೇಕು, ತಿಳೀತಾ?”

“ಬರ್ತೀನಿ,” ಎಂದ ಇತಮಾರ್.

ಅಪ್ಪ ಅವನ ಬೆನ್ನು ತಟ್ಟುತ್ತಲೇ ಇದ್ದರು.