ಸೌಟಿನ ಸಿಪಾಯಿ

ಪ್ಯಾಂಟು ಗಿಡ್ಡ ಮಾಡಿಸಲು ಬಂದ ಗಿರಾಕಿ ಕಾಯುತ್ತಾ ಕೂತು ಫೋನು ನೋಡುತ್ತಿದ್ದ. ಹೊಲಿಗೆಯಾಕೆ ಅಳತೆ ಕೇಳಲು ಬಗ್ಗಿದಳು. ಬಗ್ಗಿದವಳು ಹಾಗೇ ನಿಂತುಬಿಟ್ಟಳು.

ಫೋನಿನಲ್ಲಿ ಅವಳ ಅಂಗಡಿ ಉರಿಯುತ್ತಿತ್ತು!

ಈ ಊರಿನದಲ್ಲ, ಬಿಟ್ಟು ಬಂದ ಊರಿನದು. ಮುಖಕ್ಕೆ ಬಟ್ಟೆ ಕಟ್ಟಿದ ಸಿಪಾಯಿಯೊಬ್ಬ ಡಬ್ಬ ಹಿಡಿದು ಒಳಗೆ ಹೋಗುತ್ತಾನೆ, ಹೊರಗೆ ಬರುತ್ತಾನೆ, ಕಡ್ಡಿ ಗೀರುತ್ತಾನೆ. ತಿರುಗಿ ಹೆಬ್ಬೆರಳೆತ್ತಿ ತೋರಿಸುತ್ತಾನೆ. ಮೇಲೆ ಯಾವುದೋ ಕುಣಿತದ ಹಾಡು. ಕೆಳಗೆ ಬರಹ: ‘ನಮ್ಮ ಕೈಚಳಕ.’

ಆ ಅಂಗಡಿಯಲ್ಲೇ ಅವಳ ಅಣ್ಣ ಸುಟ್ಟು ಹೋಗಿದ್ದ. ಶೆಲ್ಲು ಬಿತ್ತು ಅಂತ ಎಲ್ಲರೂ ಹೇಳಿದ್ದರು. ಅವಳೂ ನಂಬಿದ್ದಳು. ಶೆಲ್ಲಿಗೆ ಯಾರನ್ನು ಬೈಯೋದು?

ವಿಡಿಯೋ ಹಾಕಿದವನು ಯಾರೆಂದು ಹುಡುಕುವುದು ಕಷ್ಟವೇನೂ ಆಗಲಿಲ್ಲ. ಹೆಸರು, ಮುಖ ಎಲ್ಲ ಅಲ್ಲೇ ಇತ್ತು. ಇದೇ ಊರಿನ ಸೇತುವೆಗೆ ಒರಗಿ ತೆಗೆಸಿಕೊಂಡ ಫೋಟೋವನ್ನೂ ಹಾಕಿದ್ದ. ರಜೆಗೆ ಬಂದಿದ್ದಾನೆ! ತಾನಾಗಿ ಬಂದು ಬೋನಿಗೆ ಬಿದ್ದ ಇಲಿ. ಯುದ್ಧದ ಅಪರಾಧ ಎಲ್ಲೇ ನಡೆದಿರಲಿ, ಮಾಡಿದವನು ನಮ್ಮ ನೆಲದಲ್ಲಿದ್ದರೆ ಹಿಡಿಯಬಹುದು ಅನ್ನುತ್ತದೆ ಈ ದೇಶದ ಕಾನೂನು. ಆದರೆ ಸಂಜೆಗೆ ವಿಮಾನ ಅಂತಲೂ ಬರೆದುಕೊಂಡಿದ್ದ. ಅಷ್ಟರೊಳಗೆ ಇವನೇ ಅಂತ ತೋರಿಸಬೇಕು.

ದೂರು ಕೊಟ್ಟ ಮೇಲೆ ಠಾಣೆಯವರು ಸಿಪಾಯಿಯನ್ನು ಕರೆಸಿ, ಹಳೇ ಪೊಲೀಸಪ್ಪನಿಗೆ ಹೇಳಿ ಕಳಿಸಿದರು. ಅವರು ಕೆಲಸದಿಂದ ನಿವೃತ್ತಿಯಾಗಿ ಬಹಳ ವರ್ಷವಾಗಿತ್ತು. ಆದರೆ ಹೊಲಿಗೆಯಾಕೆಯ ದೇಶ, ಸಿಪಾಯಿಯ ದೇಶ ಎರಡರಲ್ಲೂ ಆಡುವ ಮಾತು ಒಂದೇ, ಅದು ಠಾಣೆಯ ಪರಿಚಯದವರಲ್ಲಿ ಗೊತ್ತಿದ್ದದ್ದು ಅವರೊಬ್ಬರಿಗೇ.

ಠಾಣೆಯ ಹಜಾರದ ಬೆಂಚಿನ ಮೇಲೆ ಹೊಲಿಗೆಯಾಕೆ ಕೂತಿದ್ದಳು. ಪಕ್ಕದಲ್ಲಿ ಅವಳ ಮಾತು ಬಲ್ಲ ವಕೀಲೆ. ಪೊಲೀಸಪ್ಪ ವಿಡಿಯೋವನ್ನು ಮತ್ತೆ ಮತ್ತೆ ನೋಡಿದರು. ಬೀದಿಯ ಆಚೆಯಿಂದ ಹಿಡಿದದ್ದು. ಒಳಗೆಲ್ಲ ಕತ್ತಲೆ.

“ಇದು ನಿಮ್ಮದೇ ಅಂಗಡಿಯಾ ತಾಯಿ? ಬೋರ್ಡಿನಲ್ಲಿ ಔಷಧಿ ಅಂಗಡಿ ಅಂತಿದೆ?”

“ಹಳೇ ಬಾಡಿಗೆಯವರದ್ದು ಅಜ್ಜ. ಅಣ್ಣ ಬದಲಿಸಲೇ ಇಲ್ಲ. ಊರಿಗೆಲ್ಲ ನಾವು ಗೊತ್ತು, ಬೋರ್ಡು ಯಾರಿಗೆ ತೋರಿಸಲಿಕ್ಕೆ ಅಂತಿದ್ದ. ಜಿಪುಣ ಮಹಾರಾಯ.”

“ಅಯ್ಯೋ!” ವಕೀಲೆ ಹಣೆ ಚಚ್ಚಿಕೊಂಡಳು. “ನಾನು ಬೋರ್ಡು ನೋಡಿಯೇ ದೂರು ಬರೆದೆ. ಔಷಧಿ ಅಂಗಡಿ ಅಂತಲೇ ಹೋಗಿದೆ. ತಿದ್ದಿ ತರಲಾ?”

“ಆಮೇಲೆ ತಿದ್ದಿದರಾಯ್ತು. ಮೊದಲು ಅವನ ಮುಖ ನೋಡೋಣ.” ಅವರು ಹೊಲಿಗೆಯಾಕೆಯ ಕಡೆ ತಿರುಗಿದರು. “ನಿಮಗೇನು ಬೇಕು ತಾಯಿ? ಅವನಿಗೆ ಶಿಕ್ಷೆಯಾ?”

“ಯಾರು ಅಂತ ಗೊತ್ತಾಗಬೇಕು. ಅಣ್ಣ ಹೇಗೆ ಹೋದ ಅಂತ ಗೊತ್ತಾಗಬೇಕು. ಆ ಹಾಡಿನ ಗಲಾಟೆಯಲ್ಲಿ ಏನೂ ಕೇಳಿಸೋದಿಲ್ಲ ಅಜ್ಜ.”

ಅವಳನ್ನು ಅಲ್ಲೇ ಕೂರಿಸಿ ಪೊಲೀಸಪ್ಪ ವಕೀಲೆಯೊಂದಿಗೆ ಒಳಗೆ ಹೋದರು.

ಕೋಣೆಯಲ್ಲಿ ಮೇಜು, ಠಾಣೆಯ ಅಧಿಕಾರಿ, ಎದುರಿಗೆ ಇಬ್ಬರು. ಒಬ್ಬ ವಿಡಿಯೋ ಹಾಕಿದ ಸಿಪಾಯಿ — ದುಂಡು ಮುಖ, ಬೆವರಿದ ಕತ್ತು. ಇನ್ನೊಬ್ಬ ಅವನ ಅಕ್ಕನ ಗಂಡ. ಅದೇ ಪಡೆಯವನು, ಜೊತೆಗೆ ರಜೆಗೆ ಬಂದವನು. ಭಾವಮೈದುನನ ಬೆನ್ನು ಸವರುತ್ತಾ ಕೂತಿದ್ದ.

“ಏನಪ್ಪಾ, ಬೆಂಕಿ ಇಟ್ಟವನು ನೀನೇನಾ?”

“ಅಲ್ಲ ಸ್ವಾಮಿ! ನಾನು ಅಡುಗೆಯವನು. ಪಾಳ್ಯ ಬಿಟ್ಟು ಹೊರಗೇ ಹೋದವನಲ್ಲ. ಆಲೂಗಡ್ಡೆ ಸುಲಿದು ಸುಲಿದು ಕೈ ನೋಡಿ!”

“ಮತ್ತೆ, ನಮ್ಮ ಕೈಚಳಕ ಅಂತ ಬರೆದೆ?”

ಸಿಪಾಯಿ ತಲೆ ತಗ್ಗಿಸಿದ. “ಊರಲ್ಲಿ ಎಲ್ಲರೂ ಸೌಟಿನ ಸಿಪಾಯಿ ಅಂತ ಆಡ್ಕೋತಾರೆ. ಅದಕ್ಕೇ... ನಾನೂ ಏನೋ ಮಾಡಿದೀನಿ ಅಂತ ಕಾಣ್ಲಿ ಅಂತ.”

“ಮಾಡದ ಪಾಪಕ್ಕೆ ಹೆಸರು ಹಾಕ್ಕೊಂಡೆಯಾ?” ವಕೀಲೆಯ ದನಿ ಚೂಪಾಯಿತು. “ಎಷ್ಟು ಸುಲಭದ ಕತೆ!”

“ನಿಜ ಅಮ್ಮಾ.”

“ಹಾಗಾದ್ರೆ ವಿಡಿಯೋ ಕೊಟ್ಟವರು ಯಾರು?” ಪೊಲೀಸಪ್ಪ ಕೇಳಿದರು.

ಸಿಪಾಯಿಯ ತುಟಿ ಹೊಲಿದ ಹಾಗೆ ಮುಚ್ಚಿಕೊಂಡಿತು.

“ಹೇಳದಿದ್ರೆ ನಿನ್ನನ್ನೇ ಒಳಗೆ ಹಾಕ್ತಾರೆ. ಗೊತ್ತಾ?”

“ಹಾಕ್ಲಿ ಸ್ವಾಮಿ.”

ಪೊಲೀಸಪ್ಪ ಅವನನ್ನೇ ನೋಡಿದರು. ಯಾರನ್ನೋ ಉಳಿಸುತ್ತಿದ್ದಾನೆ. ಯಾರನ್ನು? ಅವರು ಮಾತು ಬದಲಿಸಿದರು.

“ಅದು ಎಂಥ ಅಂಗಡಿ?”

“ಔಷಧಿ ಅಂಗಡಿ.”

“ಒಳಗೆ ಏನೇನಿತ್ತು?”

“ಮಾತ್ರೆ... ಸೀಸೆ... ಔಷಧಿ ಅಂಗಡೀಲಿ ಇನ್ನೇನಿರುತ್ತೆ ಸ್ವಾಮಿ?”

ಭಾವ ನಡುವೆ ಬಾಯಿ ಹಾಕಿದ. “ಹಿರಿಯರೇ, ಹುಡುಗ ಹೆದರಿದ್ದಾನೆ. ಒಪ್ಕೊಂಡ್ಬಿಡೋ, ಮಾಡಿದ್ರೆ ಮಾಡ್ದೆ ಅನ್ನು. ನಿನ್ನ ಅಕ್ಕನನ್ನ ನಾನು ನೋಡ್ಕೋತೀನಿ.”

“ನೀವು ಅವತ್ತು ಎಲ್ಲಿದ್ರಿ?”

“ನಾನಾ? ನದಿ ಹತ್ರ ಕಾವಲು. ಆ ಬೀದಿ ಕಡೆ ಕಾಲೇ ಇಟ್ಟಿಲ್ಲ.”

“ಇವನೇ ಇಟ್ಟಿರ್ತಾನೆ ಅಂತೀರಾ?”

“ಇಟ್ಟಿದ್ರೂ ಬೇಕೂಂತ ಕೊಂದಿರಲ್ಲ. ಒಳಗೆ ಯಾರೂ ಇಲ್ಲ ಅಂದ್ಕೊಂಡಿರ್ತಾನೆ. ಯುದ್ಧ ಅಂದ್ಮೇಲೆ ಇದೆಲ್ಲ ಇದ್ದದ್ದೇ. ಸಾಲಾಗಿ ಒಂದಿಷ್ಟು ಹೊಲಿಗೆ ಮಿಷನ್ನು, ಬಟ್ಟೆ ಗಂಟು — ಅಷ್ಟಕ್ಕೆ ಇಷ್ಟು ದೂರದ ದೇಶದಲ್ಲಿ ಕೋರ್ಟು ಕಚೇರಿಯಾ?”

“ಸರಿಯಾಗಿ ಹೇಳಿದ್ರಿ.” ಪೊಲೀಸಪ್ಪ ನಿಧಾನಕ್ಕೆ ಎದ್ದರು. ಅಧಿಕಾರಿಯ ಕಿವಿಯಲ್ಲಿ ಏನೋ ಹೇಳಿದರು. ಅಧಿಕಾರಿ ಹೋಗಿ ಬಾಗಿಲಿಗೆ ಅಡ್ಡ ನಿಂತ.

“ಏನು?” ಭಾವ ಕೇಳಿದ.

“ದೂರಿನಲ್ಲಿ ಏನಂತಿದೆ ವಕೀಲಮ್ಮ?”

“ಔಷಧಿ ಅಂಗಡಿ ಅಂತ. ನನ್ನದೇ ತಪ್ಪು—” ವಕೀಲೆ ಅಷ್ಟಕ್ಕೇ ನಿಲ್ಲಿಸಿದಳು. ಬಾಯಿಗೆ ಕೈ ಹೋಯಿತು.

“ನಿಮ್ಮ ತಪ್ಪೇ ಕೈ ಹಿಡೀತು.” ಪೊಲೀಸಪ್ಪ ಮತ್ತೆ ಕೂತರು. “ಬೀದಿಯಿಂದ ನೋಡಿದವರಿಗೆಲ್ಲ ಅದು ಔಷಧಿ ಅಂಗಡಿ. ನಿಮಗೆ ಹಾಗೆ ಕಂಡಿತು. ನನಗೂ ಕಂಡಿತು. ವಿಡಿಯೋ ಹಾಕಿದ ಈ ಸೌಟಿನ ಸಿಪಾಯಿಗೂ ಹಾಗೇ ಕಂಡಿತು, ಪಾಪ, ಮಾತ್ರೆ ಸೀಸೆ ಅಂದ. ಅವನು ಒಳಗೆ ಹೋದವನಲ್ಲ. ಅಲ್ಲಿ ಹೊಲಿಗೆ ಮಿಷನ್ನು ಇದ್ದದ್ದು ಗೊತ್ತಿರೋದು ಯಾರಿಗೆ? ಊರವರಿಗೆ. ಇಲ್ಲವೇ ಡಬ್ಬ ಹಿಡಿದು ಒಳಗೆ ಹೋದವನಿಗೆ. ನೀವು ಆ ಊರವರಲ್ಲ, ಭಾವನವರೇ.”

ಭಾವ ನಗಲು ನೋಡಿದ. “ಯಾರೋ ಹೇಳಿದ್ರು...”

“ಯಾರು?”

ಪೊಲೀಸಪ್ಪ ಸಿಪಾಯಿಯ ಕಡೆ ತಿರುಗಿದರು. ದನಿ ಎತ್ತರಿಸಲಿಲ್ಲ. “ಅಕ್ಕನ ಮಾಂಗಲ್ಯ ಅಂತ ಸುಮ್ಮನಿದ್ದೀಯ. ನಿನಗೆ ಒಪ್ಕೋ ಅಂತ ಬೆನ್ನು ಸವರಿದ್ದು ಯಾರ ಕೈ, ನೋಡಿದೆಯಾ?”

ಸಿಪಾಯಿ ಭಾವನ ಕಡೆ ನೋಡಿದ. ಅವನ ದುಂಡು ಮುಖ ಅಳುವ ಮಗುವಿನದ್ದಾಯಿತು.

“ಜೊತೆಯವನೊಬ್ಬ ಅವರ ಫೋನಿನಲ್ಲೇ ಹಿಡಿದದ್ದು ಸ್ವಾಮಿ. ಮೂಲ ವಿಡಿಯೋ ಈಗಲೂ ಅದರಲ್ಲೇ ಇದೆ. ಹಾಡು ನಾನು ಹಾಕಿದ್ದು.”

ಪೊಲೀಸಪ್ಪ ತಿಳಿಸಿದಂತೆ ಅಧಿಕಾರಿ ಕೈ ಚಾಚಿದ. ಭಾವ ಫೋನು ತೆಗೆದು ಮೇಜಿನ ಮೇಲಿಟ್ಟ. ಆಮೇಲೆ ಅಂದ:

“ಬೀದಿಯೆಲ್ಲ ಸುಡಿ ಅಂತ ಮೇಲಿಂದ ಹೇಳಿದ್ರು. ಹೇಳಿದವರನ್ನ ಹಿಡೀತೀರಾ ನೀವು?”

ಪೊಲೀಸಪ್ಪನಿಗೆ ಆ ಮಾತನ್ನು ತಳ್ಳಿಹಾಕಲು ಆಗಲಿಲ್ಲ. “ಅವರು ಇಲ್ಲಿಗೆ ರಜೆಗೆ ಬರೋದಿಲ್ಲಪ್ಪ. ಅದು ನಮ್ಮ ಕಾನೂನಿನ ಕುಂಟು. ಆದ್ರೆ ಕಡ್ಡಿ ಗೀರಿದ ಕೈ ಮೇಲಿನವರದ್ದಲ್ಲ.”

ಹೊಲಿಗೆಯಾಕೆಯನ್ನು ಒಳಗೆ ಕರೆದರು. ಬೆಂಕಿ ಇಟ್ಟವನು ಇವನು ಅಂತ ಭಾವನನ್ನು ತೋರಿಸಿದರು. ಅವಳು ಕೂಗಾಡಲಿಲ್ಲ. ಕುರ್ಚಿ ಎಳೆದುಕೊಂಡು ಅವನ ಎದುರು ಕೂತಳು.

“ನನ್ನ ಅಣ್ಣ ಬಾಗಿಲು ಬಡಿದನಾ?”

“ಇದಕ್ಕೆ ನೀವು ಉತ್ತರ ಕೊಡಲೇಬೇಕು ಅಂತ ಇಲ್ಲ,” ಪೊಲೀಸಪ್ಪ ಭಾವನಿಗೆ ಎಚ್ಚರಿಸಿದರು. “ಅದೂ ಕಾನೂನೇ.”

“ಹೇಳಿ ಭಾವ,” ಅಂದ ಸಿಪಾಯಿ. “ಅಷ್ಟಾದ್ರೂ ಹೇಳಿ.”

ಭಾವ ನೆಲ ನೋಡಿದ. “ಬೆಂಕಿ ಇಡೋವಾಗ ಒಳಗೆ ಯಾರೂ ಇರ್ಲಿಲ್ಲ. ಹತ್ಕೊಂಡ ಮೇಲೆ ಹಿತ್ತಲ ಬಾಗಿಲಿಂದ ಯಾರೋ ನುಗ್ಗಿದ್ರು. ಹೆಸರು ಹಿಡಿದು ಕೂಗ್ತಿದ್ರು. ಹೆಣ್ಣು ಹೆಸರು. ನಾವು... ನಾವು ಆಚೆ ಬಂದ್ಬಿಟ್ವಿ.”

ಯಾವ ಹೆಸರು ಅಂತ ಅವಳು ಕೇಳಲಿಲ್ಲ. ಪೊಲೀಸಪ್ಪನ ಕಡೆ ತಿರುಗಿದಳು.

“ನಾನು ಬೆಳಿಗ್ಗೆಯೇ ಹೊರಟುಬಿಟ್ಟಿದ್ದೆ ಅಜ್ಜ,” ಅಂದಳು. “ನಾನು ಅಂಗಡಿಯಲ್ಲಿ ಇಲ್ಲ ಅಂತ ಅಣ್ಣನಿಗೆ ಹೇಳಿ ಕಳಿಸಿದ್ದೆ. ಹೇಳಿ ಕಳಿಸಿದ್ದೆನಲ್ಲಾ.”